ಗುಬ್ಬಿಯಲ್ಲೊಂದು ರಾಕ್ ಬ್ಯಾಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಿಟಾರ್ ಬಾರಿಸುತ್ತೇನೆ, ಹಾಡು ಬರೆದು ಹಾಡುತ್ತೇನೆ. ತುಮಕೂರು ಜಿಲ್ಲೆ, ಗುಬ್ಬಿ ತಾಲ್ಲೂಕು. ನಮ್ಮದು ನಾಲ್ಕು ಜನರ ಬ್ಯಾಂಡ್. ಹತ್ತು ವರ್ಷಕ್ಕೂ ಜಾಸ್ತಿ ಆಯಿತು. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಾರ್ಯಕ್ರಮ ಮುಗಿದು ವೈರ್ ಸುತ್ತುತ್ತಿರುವಾಗ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಕಾಲೇಜು ಹುಡುಗರು ಒಂದಷ್ಟು ಕೇಳುತ್ತಾರೆ, ಅವರ ಅಪ್ಪ ಅಮ್ಮ ಇನ್ನೊಂದಷ್ಟು. ಎಲ್ಲಕ್ಕೂ ಒಂದೇ ಕಡೆ ಉತ್ತರ ಬರೆದಿಟ್ಟರೆ ನನ್ನ ಗಂಟಲು ಉಳಿಯುತ್ತದೆ.

ಇಂಡೀ ರಾಕ್ ಅಂದ್ರೇನು? ಆರ್ಕೆಸ್ಟ್ರಾ ತಾನೇ?

ಆರ್ಕೆಸ್ಟ್ರಾ ನಮ್ಮ ನೆಂಟರೇ. ಅವರು ಸಿನಿಮಾ ಹಾಡು ಹಾಡುತ್ತಾರೆ, ನಾವು ನಾವೇ ಬರೆದ ಹಾಡು ಹಾಡುತ್ತೇವೆ. ಇಂಡೀ ಅಂದರೆ ಇಂಡಿಯಾ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಇಂಡಿಪೆಂಡೆಂಟ್ ಅನ್ನುವುದರ ಗಿಡ್ಡ ರೂಪ. ದೊಡ್ಡ ಕಂಪನಿ ದುಡ್ಡು ಹಾಕಿಲ್ಲ, ಹಾಡು ಹೇಗಿರಬೇಕು ಅಂತ ಹೇಳಿಲ್ಲ, ಹಾಡಿನ ಹಕ್ಕೂ ಅವರ ಹತ್ತಿರ ಇಲ್ಲ. ನಷ್ಟವಾದರೂ ನಮ್ಮದೇ.

ಮ್ಯಾಂಚೆಸ್ಟರ್‌ನ ಬಝ್‌ಕಾಕ್ಸ್ ಅನ್ನುವ ಬ್ಯಾಂಡಿನವರು 1977ರಲ್ಲಿ 500 ಪೌಂಡ್ ಕೈಸಾಲ ಮಾಡಿ ತಮ್ಮ ರೆಕಾರ್ಡನ್ನು ತಾವೇ ಒತ್ತಿಸಿ ಮಾರಿದರು. ಇಂಡೀ ಕಥೆ ಹೇಳುವವರು ಸಾಮಾನ್ಯವಾಗಿ ಅಲ್ಲಿಂದ ಶುರು ಮಾಡುತ್ತಾರೆ. ನಾನು ಗುಬ್ಬಿಯವನು, ನನಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಸ್ವಂತ ದುಡ್ಡು, ಸ್ವಂತ ಪರದೆ, ಸ್ವಂತ ಸಾಮಾನು. ಊರಿಂದ ಊರಿಗೆ ಹೋಗಿ ಟಿಕೆಟ್ ಮಾರಿ ಬದುಕುವುದು. ವೀರಣ್ಣನವರ ಕಾಲಕ್ಕೆ ರಂಗದ ಮೇಲೆ ಆನೆ, ಕುದುರೆ ಕೂಡ ಬಂದವು. ನಮ್ಮದು ಒಂದು ಓಮ್ನಿ ವ್ಯಾನು. ಅದರಲ್ಲಿ ಡ್ರಮ್ಸ್ ಇಟ್ಟರೆ ಡ್ರಮ್ಮರ್‌ಗೆ ಜಾಗ ಇರುವುದಿಲ್ಲ.

ಈ ಹುಚ್ಚು ಹೇಗೆ ಹಿಡೀತು?

ನಮ್ಮ ಸೋದರಮಾವನದು ಮೈಕ್‌ಸೆಟ್ ಅಂಗಡಿ. ಎರಡು ಅಹುಜಾ ಆಂಪ್ಲಿಫೈಯರ್, ನಾಲ್ಕು ಹಾರ್ನ್, ಸೀರಿಯಲ್ ಸೆಟ್ ಲೈಟು. ರಜೆ ಬಂದರೆ ನಾನು ಅವನ ಹಿಂದೆ. ತೆಂಗಿನ ಮರಕ್ಕೆ ಏಣಿ ಹಾಕಿ ಹಾರ್ನ್ ಕಟ್ಟುವುದು ಅವನ ಕೆಲಸ, ಕೆಳಗಿನಿಂದ ವೈರ್ ಬಿಡುವುದು ನನ್ನ ಕೆಲಸ. ಬೆಳಿಗ್ಗೆ ಐದೂವರೆಗೆ ದೇವರ ನಾಮ, ಆಮೇಲೆ ಸಿನಿಮಾ ಹಾಡು. ಮೂರು ಹೊಲ ದಾಟಿ ಕೇಳುತ್ತಿತ್ತು. ಆದರೆ ಹಾರ್ನ್‌ಗೆ ಒಂದು ಗುಣ ಇದೆ. ಗಂಟಲಿನ ದನಿಯನ್ನು ದೂರ ಎಸೆಯುತ್ತದೆ, ಕೆಳಗಿನ ದಪ್ಪ ಸದ್ದನ್ನು ನುಂಗಿಬಿಡುತ್ತದೆ. ಹಾಗಾಗಿ ಹದಿನೆಂಟು ವರ್ಷದವರೆಗೂ ನಾನು ಬೇಸ್ ಅನ್ನುವುದನ್ನು ನೆಟ್ಟಗೆ ಕೇಳಿರಲೇ ಇಲ್ಲ.

2011ರ ಅಕ್ಟೋಬರ್ 30, ಭಾನುವಾರ. ಬೆಂಗಳೂರಿನ ಅರಮನೆ ಮೈದಾನಕ್ಕೆ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಬಂದಿತ್ತು. ಅದಕ್ಕೆ ಎರಡು ದಿನ ಮೊದಲು ದೆಹಲಿ ಪಕ್ಕದ ಕಾರ್ಯಕ್ರಮ ರದ್ದಾಗಿತ್ತು. ಇಲ್ಲೂ ಹಾಗೇ ಆಗುತ್ತದೇನೋ ಅಂತ ರೈಲಿನಲ್ಲಿ ಪೂರ್ತಿ ಎದೆ ಡವಡವ. ಅಂತೂ ಶುರುವಾಯಿತು. ಮೊದಲ ಹೊಡೆತಕ್ಕೆ ನನ್ನ ಅಂಗಿ ಅಲುಗಾಡಿತು. ಉತ್ಪ್ರೇಕ್ಷೆ ಅಲ್ಲ, ಎದೆಯ ಮೇಲಿನ ಗುಂಡಿ ಪಟಪಟ ಅಂದಿತು. ಸದ್ದು ಕಿವಿಗೆ ಮಾತ್ರ ಅಲ್ಲ ಅಂತ ಗೊತ್ತಾದದ್ದು ಆವತ್ತು. ವಾಪಸ್ ರೈಲು ತಪ್ಪಿತು. ನಾನು, ನಮ್ಮ ಅಣ್ಣ ಯಶವಂತಪುರ ಸ್ಟೇಷನ್ನಿನಲ್ಲಿ ಪೇಪರ್ ಹಾಸಿಕೊಂಡು ಮಲಗಿದೆವು. ಅಮ್ಮನಿಗೆ ಹೇಳಿದ್ದು ಮಾತ್ರ ಸಿಇಟಿ ಕೋಚಿಂಗ್ ವಿಚಾರಿಸಲು ಹೋಗಿದ್ದೆವು ಅಂತ.

ಅಣ್ಣಾ, ಯಾವ ಗಿಟಾರ್ ತಗೊಳ್ಳಲಿ?

ನಿನ್ನ ಬೆರಳು ಸಾಯಿಸದ ಗಿಟಾರ್. ಬ್ರ್ಯಾಂಡ್ ಆಮೇಲೆ. ನನ್ನ ಮೊದಲನೆಯದು ಸೆಕೆಂಡ್ ಹ್ಯಾಂಡ್. ತಂತಿ ಎಷ್ಟು ಮೇಲಿತ್ತು ಅಂದರೆ ಕೆಳಗೆ ಪೆನ್ಸಿಲ್ ತೂರಿಸಬಹುದಿತ್ತು. ಮೂರು ತಿಂಗಳು ನನಗೇ ಬರಲ್ಲ ಅಂದುಕೊಂಡಿದ್ದೆ. ಗಿಟಾರ್ ಕುತ್ತಿಗೆಯ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ಅಂಗಡಿಯಲ್ಲಿ ಹನ್ನೆರಡನೇ ಫ್ರೆಟ್ ಹತ್ತಿರ ನೋಡಿ. ತಂತಿಗೂ ಫ್ರೆಟ್‌ಗೂ ನಡುವೆ ಎರಡೂವರೆ ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಇದ್ದರೆ ಕಡಿಮೆ ಮಾಡಿಸಿಕೊಡಿ ಅನ್ನಿ. ಆಗಲ್ಲ ಅಂದರೆ ಬೇರೆ ಅಂಗಡಿ ನೋಡಿ. ಎಲೆಕ್ಟ್ರಿಕ್ ಗಿಟಾರ್‌ಗೆ 9ರ ಸೆಟ್ ತಂತಿ (ಅತಿ ಸಣ್ಣ ತಂತಿ 0.009 ಇಂಚು ದಪ್ಪ ಇರುವ ಸೆಟ್) ಹಾಕಿ, ಮೆತ್ತಗಿರುತ್ತದೆ.

ರೈಲಿನಲ್ಲಿ ಗಿಟಾರ್ ಹೊತ್ತು ಹೋದರೆ ಒಬ್ಬರಾದರೂ "ವೀಣೆನಾಪ್ಪ?" ಅಂತ ಕೇಳುತ್ತಾರೆ. ಹೌದು ಅಂದುಬಿಡಿ, ಸೀಟು ಬಿಡುತ್ತಾರೆ.

ಕನ್ನಡದಲ್ಲಿ ರಾಕ್ ಹಾಡೋಕೆ ಆಗುತ್ತಾ? ಇಂಗ್ಲಿಷಿನಲ್ಲಿದ್ದ ಹಾಗೆ ಇರಲ್ಲ ಅಲ್ವಾ?

ಇರಲ್ಲ, ಇರಬೇಕಾಗಿಯೂ ಇಲ್ಲ. ಈ ಪ್ರಶ್ನೆಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಇಂಗ್ಲಿಷ್ ಪದಗಳು ವ್ಯಂಜನದಲ್ಲಿ ಪಟ್ ಅಂತ ಮುಗಿಯುತ್ತವೆ. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಬಸ್ ಬಂದರೆ ಬಸ್ಸು ಮಾಡಿಕೊಂಡೆವು, ಕಾರ್ ಬಂದರೆ ಕಾರು. ಹಾಗಾಗಿ ಇಂಗ್ಲಿಷ್ ಹಾಡಿನ ಟ್ಯೂನಿಗೆ ಕನ್ನಡ ತುರುಕಿದರೆ ಪ್ರತಿ ಸಾಲಿನ ಬಾಲ ಉದ್ದವಾಗಿ ಜೋಲಾಡುತ್ತದೆ. ಶುರುವಿನಲ್ಲಿ ನಾವೂ ಅದನ್ನೇ ಮಾಡಿದೆವು. "ನನ್ನಾಆ ಮನಸಾಆ" ಅಂತ ಮೂಗಿನಲ್ಲಿ ಹಾಡುವುದು. ಆ ರೆಕಾರ್ಡಿಂಗ್ ಈಗಲೂ ನನ್ನ ಹತ್ತಿರ ಇದೆ, ಯಾರಿಗೂ ಕೇಳಿಸುವುದಿಲ್ಲ.

ಕನ್ನಡದ ಬಲ ಒತ್ತಕ್ಷರದಲ್ಲಿದೆ. ಕೊಟ್ಟ, ಬಿಟ್ಟ, ಸುಟ್ಟ, ಹತ್ತಿ, ಒಕ್ಕಲು. ಬಾಯಿಬಿಟ್ಟು ಹೇಳಿ ನೋಡಿ. "ಸುಟ್" ಅಂದ ಮೇಲೆ ನಾಲಿಗೆ ಒಂದು ಕ್ಷಣ ಅಂಟಿಕೊಂಡು ನಿಲ್ಲುತ್ತದೆ, ಆಮೇಲೆ "ಟ" ಬಿಡುಗಡೆ ಆಗುತ್ತದೆ. ಆ ನಿಂತ ಕ್ಷಣಕ್ಕೆ ಸ್ನೇರ್ ಡ್ರಮ್ಮಿನ (ಡ್ರಮ್ಸ್ ಸೆಟ್‌ನಲ್ಲಿ ಚಟ್ ಅಂತ ಸದ್ದು ಮಾಡುವ ಡ್ರಮ್) ಹೊಡೆತ ಕೂರಿಸಿದರೆ ಪದವೇ ಡ್ರಮ್ಮಾಗುತ್ತದೆ. ತಮಟೆಯವರ ಬಾಯಿಲೆಕ್ಕ ಕೇಳಿದವರಿಗೆ ಇದು ಹೊಸತೇನಲ್ಲ.

ಇನ್ನೊಂದು ವಿಷಯ ನನಗೆ ಅಡುಗೆಮನೆಯಲ್ಲಿ ಹೊಳೆಯಿತು. ನಾನು ಒಂದು ಹಾಡಿಗೆ "ಬರುತ್ತೇನೆ" ಅಂತ ಬರೆದುಕೊಂಡು ಒದ್ದಾಡುತ್ತಿದ್ದೆ. ಶಾಲೆಯಲ್ಲಿ ಕಲಿತ ಹಾಗೆ ಲಘು ಗುರು ಹಾಕಿ ಎಣಿಸಿದರೆ ಆರು ಮಾತ್ರೆ. ಸಾಲಿನಲ್ಲಿ ಜಾಗ ಇರುವುದು ಐದಕ್ಕೆ. ಅಷ್ಟರಲ್ಲಿ ಪಕ್ಕದ ಮನೆ ಅತ್ತೆ ಬಾಗಿಲಲ್ಲಿ ನಿಂತು, "ಬತ್ತೀನಿ ಕಣಕ್ಕ" ಅಂತ ನಮ್ಮಮ್ಮನಿಗೆ ಹೇಳಿ ಹೋದರು. ಬತ್ತೀನಿ. ಐದು ಮಾತ್ರೆ, ನಡುವೆ ಒತ್ತು ಬೇರೆ. ಹಾಡು ಆವತ್ತೇ ಮುಗಿಯಿತು. ಅಲ್ಲಿಂದ ನಾನು ಪುಸ್ತಕದ ಕನ್ನಡದಲ್ಲಿ ಹಾಡು ಬರೆಯುವುದು ಬಿಟ್ಟೆ. ನಮ್ಮ ಕಡೆಯ ಮಾತನ್ನು ಸುಮ್ನೆ ಹಾಗೇ ಇಟ್ಟರೆ ಅರ್ಧ ಕೆಲಸ ಅದೇ ಮಾಡಿಕೊಳ್ಳುತ್ತದೆ.

ಪ್ರಾಸದ ಬಗ್ಗೆಯೂ ಹೀಗೇ. ಹುಡುಗರು ಸಾಲಿನ ಕೊನೆಯಲ್ಲಿ ಪ್ರಾಸ ಹುಡುಕಿ ಹುಡುಕಿ "ನೀನು, ಜೇನು, ಬಾನು" ಅನ್ನುವಲ್ಲಿಗೆ ಬಂದು ನಿಲ್ಲುತ್ತಾರೆ. ಹಳಗನ್ನಡದವರು ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಟ್ಟರು. ಅಲ್ಲಿಟ್ಟರೆ ಸಾಲಿನ ಶುರುವಿಗೇ ಏಟು ಬೀಳುತ್ತದೆ, ರಾಕ್‌ಗೆ ಬೇಕಾದದ್ದೂ ಅದೇ. ಭಾಮಿನಿ ಷಟ್ಪದಿ ಎಣಿಸಿ ನೋಡಿ: ಮೂರು, ನಾಲ್ಕು, ಮೂರು, ನಾಲ್ಕು. ಏಳರ ನಡೆ. ಪ್ರೋಗ್ರೆಸಿವ್ ರಾಕ್‌ನವರು 7/8 ತಾಳ ಅಂತ ಬೆವರು ಸುರಿಸಿ ಕಲಿಯುವುದನ್ನು ನಮ್ಮೂರಿನ ಗಮಕದ ಮೇಷ್ಟ್ರು ಎಲೆಅಡಿಕೆ ಹಾಕಿಕೊಂಡು ಹಾಡುತ್ತಾರೆ. ನಮ್ಮ ಡ್ರಮ್ಮರ್ ಅವರ ಮುಂದೆ ಕೂತು ಒಂದು ವಾರ ತೊಡೆ ತಟ್ಟಿದ ಮೇಲೆ ಆ ಲೆಕ್ಕ ಕೂತಿತು.

ದಾರಿ ಮಾಡಿದವರು ಇದ್ದಾರೆ. ರಘು ದೀಕ್ಷಿತ್ 2008ರಲ್ಲಿ ತಂದ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದ ಗಿಟಾರ್ ಜೊತೆ ಬಂತು. ಬೆಂಗಳೂರಿನ ಸ್ವರಾತ್ಮ ಬ್ಯಾಂಡ್ ಕನ್ನಡ, ಹಿಂದಿ ಎರಡರಲ್ಲೂ ಹಾಡುತ್ತದೆ.

ಹಳೆಯ ಕವಿಗಳ ಪದ್ಯಕ್ಕೆ ನಾವೇ ಟ್ಯೂನ್ ಹಾಕಬಹುದಾ?

ಯಾವ ಕವಿ ಅನ್ನುವುದರ ಮೇಲೆ. ನಮ್ಮ ಕಾನೂನಿನ ಪ್ರಕಾರ ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಾಪಿರೈಟ್ ಇರುತ್ತದೆ. ವಚನ, ದಾಸರ ಪದ, ತತ್ವಪದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದಗಳೂ ಎಲ್ಲರವು. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೂ ಅನುಮತಿ ಬೇಕು. ಕುವೆಂಪು 1994, ಹಾಗಾಗಿ 2054ರ ಕೊನೆಯವರೆಗೆ.

ಒಂದು ಎಚ್ಚರಿಕೆ. ಪದ ಹಳೆಯದಾದರೂ ಟ್ಯೂನ್ ಹೊಸದಾಗಿರಬಹುದು. ಕ್ಯಾಸೆಟ್‌ನಲ್ಲಿ ಕೇಳಿ ಬಾಯಿಗೆ ಬಂದ ವಚನದ ರಾಗ ಯಾರೋ ಸಂಗೀತ ನಿರ್ದೇಶಕರದ್ದು ಆಗಿರುತ್ತದೆ, ನಾವು ಅದನ್ನು ಜನಪದ ಅಂದುಕೊಂಡಿರುತ್ತೇವೆ. ಪದ ತಗೊಳ್ಳಿ, ಟ್ಯೂನ್ ನೀವೇ ಕಟ್ಟಿ.

ಪ್ರಾಕ್ಟೀಸ್ ಎಲ್ಲಿ ಮಾಡ್ತೀರಿ? ಅಕ್ಕಪಕ್ಕದವರು ಜಗಳಕ್ಕೆ ಬರಲ್ವಾ?

ಬಂದಿದ್ದಾರೆ. ಮೊದಲು ತುಮಕೂರಿನಲ್ಲಿ, ಬಿ.ಎಚ್. ರಸ್ತೆಯಿಂದ ಒಳಗೆ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆವು. ಎಲ್ಲರೂ ಹೇಳುತ್ತಾರಲ್ಲ, ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ಅಂತ. ಇನ್ನೂರು ಟ್ರೇ ತಂದು ಅಂಟಿಸಿದೆವು. ಸದ್ದು ಒಂದು ಚೂರೂ ನಿಲ್ಲಲಿಲ್ಲ, ಇಲಿ ಮಾತ್ರ ಬಂದವು. ಮೊಟ್ಟೆ ಟ್ರೇ ಒಳಗಿನ ಮೊಳಗನ್ನು ಚೂರು ಕಡಿಮೆ ಮಾಡಬಹುದು ಅಷ್ಟೇ. ಸದ್ದು ಹೊರಗೆ ಹೋಗದ ಹಾಗೆ ತಡೆಯುವುದು ತೂಕ. ದಪ್ಪ ಗೋಡೆ, ಭಾರದ ಬಾಗಿಲು, ಸಂದಿಲ್ಲದ ಕಿಟಕಿ. ಓನರ್ ಎರಡನೇ ತಿಂಗಳಿಗೆ ಕೈಮುಗಿದು ಖಾಲಿ ಮಾಡಿಸಿದರು. ಅವರ ತಪ್ಪಿಲ್ಲ.

ಈಗ ನಮ್ಮ ಹಳೇ ಮನೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ. ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ಮೇಲೆ ಅಟ್ಟದ ತುಂಬಾ ಕಾಯಿ. ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ: ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಬಿಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಆಗ ಇಳಿಸಬಹುದು. ನಾರಿನ ಸಿಪ್ಪೆಯ ಸಾವಿರಾರು ಕಾಯಿ ತಲೆ ಮೇಲಿದ್ದರೆ ಯಾವ ಸ್ಟುಡಿಯೋ ಫೋಮೂ ಬೇಡ. ರೂಮಿನಲ್ಲಿ ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿಯೇ ಇಲ್ಲ.

ಮನೆಯಲ್ಲೇ ರೆಕಾರ್ಡ್ ಮಾಡಬಹುದಾ?

ಧಾರಾಳವಾಗಿ. ಒಂದು ಲ್ಯಾಪ್‌ಟಾಪ್, ಎರಡು ಮೈಕ್ ಹಾಕುವ ಆಡಿಯೋ ಇಂಟರ್‌ಫೇಸ್ (ಮೈಕ್‌ನ ಸದ್ದನ್ನು ಲ್ಯಾಪ್‌ಟಾಪ್‌ಗೆ ಕಳಿಸುವ ಡಬ್ಬಿ), ಒಂದು ಒಳ್ಳೆಯ ಮೈಕ್, ಹೆಡ್‌ಫೋನ್. ಕಂಡೆನ್ಸರ್ ಮೈಕ್ (ಕರೆಂಟ್ ಕೊಟ್ಟರೆ ಮಾತ್ರ ಕೆಲಸ ಮಾಡುವ ಮೈಕ್) ಆದರೆ ಇಂಟರ್‌ಫೇಸ್‌ನ 48 ವೋಲ್ಟ್ ಗುಂಡಿ ಒತ್ತುವುದು ಮರೆಯಬೇಡಿ. ಮೈಕ್ ಕೆಟ್ಟಿದೆ ಅಂತ ನನಗೆ ಬಂದ ಫೋನ್‌ಗಳಲ್ಲಿ ಅರ್ಧ ಅದೇ. ಡ್ರಮ್ಸ್ ಮಾತ್ರ ಮನೆಯಲ್ಲಿ ಕಷ್ಟ. ಅದನ್ನು ನಾವು ಬೆಂಗಳೂರಿನ ಸ್ಟುಡಿಯೋದಲ್ಲಿ ಗಂಟೆ ಲೆಕ್ಕಕ್ಕೆ ಹಿಡಿದು ಒಂದೇ ದಿನದಲ್ಲಿ ನಾಲ್ಕು ಹಾಡು ಬಾರಿಸಿ ಬರುತ್ತೇವೆ. ಹೋಗುವ ಮುಂಚೆ ಕ್ಲಿಕ್ (ತಾಳ ತಪ್ಪದ ಹಾಗೆ ಕಿವಿಯಲ್ಲಿ ಬರುವ ಟಿಕ್ ಟಿಕ್ ಸದ್ದು) ಹಾಕಿಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೆ ದುಡ್ಡು ಉಳಿಯುತ್ತದೆ.

ಗಾಯನಕ್ಕೆ ನನ್ನ ಸ್ಟುಡಿಯೋ ಅಂದರೆ ಅಜ್ಜನ ಕರಿ ಕಂಬಳಿ. ಎರಡು ಕುರ್ಚಿಗೆ ಹಗ್ಗ ಕಟ್ಟಿ, ಅದರ ಮೇಲೆ ಹೊದಿಸಿ, ಒಳಗೆ ಕೂತು ಹಾಡುವುದು. ಏಪ್ರಿಲ್‌ನಲ್ಲಿ ಬೆವರಿನ ಸ್ನಾನ. ಉಣ್ಣೆಯ ವಾಸನೆಗೆ ಎರಡನೇ ಚರಣದಲ್ಲಿ ಸೀನು ಬರುತ್ತದೆ. ದನಿ ಮಾತ್ರ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಬರುತ್ತದೆ. ರೈಲಿನ ಟೈಮ್ ಟೇಬಲ್ ಗೋಡೆಗೆ ಅಂಟಿಸಿಕೊಂಡಿದ್ದೇನೆ, ಇಲ್ಲದಿದ್ದರೆ ಹಾರ್ನೂ ರೆಕಾರ್ಡ್ ಆಗುತ್ತದೆ. ಒಂದು ಹಾಡಿನಲ್ಲಿ ಹಾಗೇ ಬಿಟ್ಟಿದ್ದೇವೆ, ಶ್ರುತಿಗೆ ಸರಿಯಾಗಿತ್ತು.

ಕಾರ್ಯಕ್ರಮ ಎಲ್ಲಿ ಸಿಗುತ್ತೆ?

ಕಾಲೇಜು ಫೆಸ್ಟ್, ಗಣಪತಿ ಹಬ್ಬ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಊರ ಜಾತ್ರೆ, ಬೆಂಗಳೂರಿನ ಪಬ್ಬು ಮತ್ತು ಸಣ್ಣ ಸಭಾಂಗಣ. ತುಮಕೂರಿನಲ್ಲಿ ಟಿಕೆಟ್ ಇಟ್ಟು ಸ್ವಂತ ಹಾಡಿನ ಕಾರ್ಯಕ್ರಮ ಮಾಡುವುದು ಈಗಲೂ ಕೈ ಸುಡುವ ಕೆಲಸ. ನಾವು ಎರಡು ಸಲ ಮಾಡಿದ್ದೇವೆ. ಮೊದಲ ಸಲ ಬಂದವರಲ್ಲಿ ಹೆಚ್ಚಿನವರು ನೆಂಟರು.

ಗಣಪತಿ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡದೆ ಇಳಿಯುವುದಕ್ಕೆ ಬಿಡುವುದಿಲ್ಲ. ಕೆಲವು ಬ್ಯಾಂಡಿನವರಿಗೆ ಇದು ಅವಮಾನ. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡು ಸಿನಿಮಾ ಹಾಡು, ಅದರ ಬೆನ್ನಿಗೆ ಒಂದು ನಮ್ಮದು. ನಮ್ಮದು ಬಂದಾಗ ಜನ ಬೀಡಿ ಸೇದಲು ಎದ್ದು ಹೋದರೆ ಹಾಡು ಸರಿಯಾಗಿಲ್ಲ ಅಂತ ಅರ್ಥ. ಪಬ್ಬಿನವರು ಮರ್ಯಾದೆಗೆ ಚಪ್ಪಾಳೆ ತಟ್ಟುತ್ತಾರೆ. ಪೆಂಡಾಲಿನವರು ತಟ್ಟುವುದಿಲ್ಲ.

ಸಂಘಟಕರು ನೀವೇ ಆದರೆ ಪೊಲೀಸ್ ಅನುಮತಿ ಮುಂಚೆಯೇ ತಗೊಳ್ಳಿ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. 2000ದಲ್ಲಿ ಬಂದ ಶಬ್ದ ಮಾಲಿನ್ಯ ನಿಯಮ ಅದು. ಹಬ್ಬಗಳಿಗೆ ಅಂತ ವರ್ಷಕ್ಕೆ 15 ದಿನ ಮೀರದ ಹಾಗೆ ಮಧ್ಯರಾತ್ರಿವರೆಗೆ ಬಿಡುವ ಅಧಿಕಾರ ಸರ್ಕಾರಕ್ಕಿದೆ. ಭಾಷಣಕಾರರು ಒಂಬತ್ತೂವರೆಗೆ ಮೈಕ್ ಬಿಟ್ಟರೆ ನಿಮಗೆ ಉಳಿಯುವುದು ಐದು ಹಾಡು. ಅದಕ್ಕೇ ನಮ್ಮ ಒಳ್ಳೆಯ ಹಾಡು ಯಾವಾಗಲೂ ಮೊದಲು.

ಸ್ಟೇಜ್ ಮೇಲೆ ಶಾಕ್ ಹೊಡೀತಂತೆ, ನಿಜಾನಾ?

ನಿಜ. ಒಂದು ಜಾತ್ರೆಯಲ್ಲಿ. ಮೊದಲ ಸಾಲು ಹಾಡಲು ತುಟಿ ಮೈಕ್‌ಗೆ ತಾಗಿತು ನೋಡಿ, ಕಣ್ಣ ಮುಂದೆ ಬಿಳಿ ಮಿಂಚು, ಹಲ್ಲೆಲ್ಲ ಜುಮ್. ಜನ ಅದನ್ನು ಡ್ಯಾನ್ಸ್ ಅಂದುಕೊಂಡು ಶಿಳ್ಳೆ ಹೊಡೆದರು.

ಕಾರಣ ಸರಳ. ಗಿಟಾರ್ ತಂತಿ ಆಂಪ್ಲಿಫೈಯರ್‌ನ ಅರ್ತ್‌ಗೆ ಸೇರಿರುತ್ತದೆ, ಮೈಕ್‌ನ ಜಾಲರಿ ಮಿಕ್ಸರ್‌ನ ಅರ್ತ್‌ಗೆ. ಎರಡಕ್ಕೂ ಬೇರೆ ಬೇರೆ ಕಡೆಯಿಂದ ಕರೆಂಟ್ ತಂದು, ನೆಟ್ಟಗೆ ಅರ್ತಿಂಗ್ ಮಾಡದಿದ್ದರೆ ಎರಡರ ನಡುವೆ ವೋಲ್ಟೇಜ್ ನಿಲ್ಲುತ್ತದೆ. ಕೈಯಲ್ಲಿ ತಂತಿ, ತುಟಿಯಲ್ಲಿ ಮೈಕ್. ನಡುವಿನ ವೈರ್ ನೀವೇ. ಇದು ಪ್ರಾಣ ತೆಗೆಯಬಲ್ಲದು, ತಮಾಷೆ ಅಲ್ಲ. ಅವತ್ತಿಂದ ನನ್ನ ಗಿಟಾರ್ ಬ್ಯಾಗಿನಲ್ಲಿ ಮಲ್ಟಿಮೀಟರ್ ಇರುತ್ತದೆ. ಒಂದು ಮುಳ್ಳು ತಂತಿಗೆ, ಇನ್ನೊಂದು ಮೈಕ್ ಜಾಲರಿಗೆ ಇಟ್ಟು ನೋಡುತ್ತೇನೆ. ಹತ್ತಿಪ್ಪತ್ತು ವೋಲ್ಟ್ ತೋರಿಸಿದರೂ ನಾನು ಹಾಡುವುದಿಲ್ಲ, ಎಲ್ಲವನ್ನೂ ಒಂದೇ ಲೈನಿಗೆ ಹಾಕಿಸಿ, ಅರ್ತ್ ಸರಿ ಮಾಡಿಸಿದ ಮೇಲೇ ಶುರು. ಮಾವನ ಮೈಕ್‌ಸೆಟ್ ಕೆಲಸ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು. ಮೈಕ್ ಮೇಲೆ ಸ್ಪಂಜಿನ ಟೊಪ್ಪಿಗೆ ಹಾಕಿಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ.

ದುಡ್ಡು ಬರುತ್ತಾ?

ಬರುತ್ತದೆ, ನಿಲ್ಲುವುದಿಲ್ಲ.

ನನ್ನ ಲೆಕ್ಕ ಹೇಳುತ್ತೇನೆ. ವರ್ಷದ ಸಂಪಾದನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಮಕ್ಕಳಿಗೆ ಗಿಟಾರ್ ಪಾಠ ಹೇಳುವುದರಿಂದ ಮತ್ತು ಸೌಂಡ್ ಸಿಸ್ಟಮ್ ಬಾಡಿಗೆ ಕೆಲಸದಿಂದ. ಆಮೇಲೆ ಬೇರೆಯವರ ಕಾರ್ಯಕ್ರಮಕ್ಕೆ ಗಿಟಾರ್ ಬಾರಿಸುವುದು. ಆಮೇಲೆ ನಮ್ಮ ಬ್ಯಾಂಡಿನ ಕಾರ್ಯಕ್ರಮ. ಸ್ಟ್ರೀಮಿಂಗ್‌ನಿಂದ ಬರುವುದು ಬ್ಯಾಂಡಿನ ನಾಲ್ಕು ಜನಕ್ಕೆ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ, ಕಾಫಿಗೆ ಸರಿಹೋಗುತ್ತದೆ. ಒಳ್ಳೆಯ ತಿಂಗಳಾದರೆ ಎರಡೆರಡು ಪ್ಲೇಟ್.

ಹಾಡು ಕೇಳುವ ಆಪ್ ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳದ ಹಾಡಿಗೆ ಪೈಸೆಯೂ ಲೆಕ್ಕಕ್ಕಿಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲು ಸಿಗಬೇಕಾದರೆ 1000 ಚಂದಾದಾರರು, ಜೊತೆಗೆ ವರ್ಷದಲ್ಲಿ 4000 ಗಂಟೆ ನೋಡಿರಬೇಕು ಅಥವಾ 90 ದಿನದಲ್ಲಿ ಶಾರ್ಟ್ಸ್ ಒಂದು ಕೋಟಿ ಸಲ ಓಡಿರಬೇಕು. ಹಾಗಂತ ಹಾಕದೆ ಇರಬೇಡಿ. ಕಾರ್ಯಕ್ರಮ ಕೊಡುವವರು ಮೊದಲು ಕೇಳುವುದೇ "ಲಿಂಕ್ ಕಳ್ಸಿ".

ಕಾರ್ಯಕ್ರಮದ ದುಡ್ಡಿನ ವಿಷಯಕ್ಕೆ ಬಂದರೆ, ಅಡ್ವಾನ್ಸ್ ಇಲ್ಲದೆ ವ್ಯಾನ್ ಸ್ಟಾರ್ಟ್ ಮಾಡಬೇಡಿ. ಒಂದು ಕಡೆ ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಕೊಟ್ಟರು. ಕವರ್ ಮಾತ್ರ ಕೊಡಲಿಲ್ಲ. ಕೇಳಿದರೆ "ಸನ್ಮಾನ ಮಾಡಿದ್ವಲ್ಲ ಸಾರ್". ಮನೆಯಲ್ಲಿ ಈಗ ಹದಿನಾಲ್ಕು ಶಾಲು ಇವೆ. ನಾಲ್ಕನ್ನು ಹೊಲಿದು ಕೀಬೋರ್ಡ್‌ಗೆ ಹೊದಿಕೆ ಮಾಡಿದ್ದೇವೆ.

ಚೆಕ್ ಕೊಡುವವರು ಶೇಕಡಾ 10 ಟಿಡಿಎಸ್ (ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಹಿಡಿದರೆ ಗಾಬರಿ ಬೇಡ. ರಿಟರ್ನ್ಸ್ ಸಲ್ಲಿಸಿ, ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೆ ವಾಪಸ್ ಬರುತ್ತದೆ. ಆರು ವರ್ಷ ಆ ದುಡ್ಡು ಬಿಟ್ಟುಬಿಟ್ಟಿದ್ದೆ, ಯಾರೂ ಹೇಳಿರಲಿಲ್ಲ.

ನಮ್ಮ ಹಾಡನ್ನ ಬೇರೆಯವರು ಬಳಸಿದ್ರೆ ದುಡ್ಡು ಸಿಗುತ್ತಾ?

ಹಾಡು ಬರೆದವರು, ಟ್ಯೂನ್ ಹಾಕಿದವರು ಐಪಿಆರ್‌ಎಸ್ ಸದಸ್ಯರಾಗಬಹುದು. 1969ರಲ್ಲಿ ಶುರುವಾದ ಸಂಸ್ಥೆ. ರೇಡಿಯೋ, ಟಿವಿ, ಹೋಟೆಲ್, ಆನ್‌ಲೈನ್ ಕಡೆಗಳಿಂದ ರಾಯಲ್ಟಿ ವಸೂಲಿ ಮಾಡಿ ಹಂಚುತ್ತದೆ. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಸ್ವತ್ತು ಇರುತ್ತವೆ: ಪದ ಮತ್ತು ಟ್ಯೂನ್ ಒಂದು, ರೆಕಾರ್ಡಿಂಗ್ ಇನ್ನೊಂದು. ಹೊಲ ಒಬ್ಬರದು, ಅದರಲ್ಲಿ ಬೆಳೆದ ರಾಗಿ ಇನ್ನೊಬ್ಬರದು ಇದ್ದ ಹಾಗೆ. ಬ್ಯಾಂಡಿನಲ್ಲಿ ಯಾರದು ಎಷ್ಟು ಅಂತ ಹಾಡು ಬಿಡುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಸ್ನೇಹಿತರ ನಡುವೆ ಇದೆಲ್ಲ ಯಾಕೆ ಅನ್ನುವವನೇ ಮುಂದೆ ಜಗಳ ತೆಗೆಯುವವನು.

ಕಾಪಿರೈಟ್ ಕಾನೂನಿಗೆ 2012ರ ತಿದ್ದುಪಡಿ ಆದ ಮೇಲೆ ಸಿನಿಮಾಕ್ಕೆ ಬರೆದರೂ ರಾಯಲ್ಟಿಯ ಹಕ್ಕನ್ನು ಪೂರ್ತಿ ಬರೆದುಕೊಡಿ ಅಂತ ಕೇಳುವಂತಿಲ್ಲ. ಚಿತ್ರಮಂದಿರದಲ್ಲಿ ಓಡುವುದನ್ನು ಬಿಟ್ಟು ಬೇರೆ ಕಡೆಯ ಬಳಕೆಗೆ ಬರಹಗಾರನ ಪಾಲು ಉಳಿದೇ ಇರುತ್ತದೆ. ಸಹಿ ಹಾಕುವ ಮುಂಚೆ ಓದಿ. ಓದಲು ಬಿಡದ ಕಡೆ ಸಹಿ ಹಾಕಬೇಡಿ.

ಬೆಂಗಳೂರಿಗೆ ಯಾಕೆ ಹೋಗಿಲ್ಲ?

ಹೋಗಿದ್ದೆ. ಎರಡು ವರ್ಷ ಇದ್ದೆ. ಬಾಡಿಗೆ ಕಟ್ಟಲು ಹಗಲೆಲ್ಲ ಕೆಲಸ, ರಾತ್ರಿ ಸುಸ್ತು, ಗಿಟಾರ್ ಮಂಚದ ಕೆಳಗೆ. ಎರಡು ವರ್ಷದಲ್ಲಿ ಮುಗಿಸಿದ ಹಾಡು ಮೂರು. ವಾಪಸ್ ಬಂದ ವರ್ಷ ಹನ್ನೊಂದು. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್, ಬೇಕಾದಾಗ ರೈಲು ಹತ್ತಿದರಾಯಿತು. ಎಲ್ಲರಿಗೂ ಇದೇ ಸರಿ ಅಂತಲ್ಲ. ಡ್ರಮ್ಮರ್‌ಗಳಿಗೆ, ಸೌಂಡ್ ಎಂಜಿನಿಯರ್ ಆಗಬೇಕು ಅನ್ನುವವರಿಗೆ ಅಲ್ಲಿ ಕೆಲಸ ಜಾಸ್ತಿ. ನಮ್ಮ ಮೊದಲ ಡ್ರಮ್ಮರ್ ಅಲ್ಲೇ ಉಳಿದ, ಚೆನ್ನಾಗಿದ್ದಾನೆ.

ಬ್ಯಾಂಡ್ ಯಾಕೆ ಒಡೆಯುತ್ತೆ?

ಸಂಗೀತದ ಭಿನ್ನಾಭಿಪ್ರಾಯ ಅನ್ನುತ್ತಾರೆ. ನಾನು ಕಂಡ ಹಾಗೆ ಪೆಟ್ರೋಲ್ ದುಡ್ಡು ಯಾರು ಕೊಟ್ಟರು ಅನ್ನುವುದರಿಂದ ಒಡೆಯುತ್ತದೆ.

ಕುಡೀತೀರಾ, ಗಾಂಜಾ ಗೀಂಜಾ?

ಕಾಫಿ. ಸ್ಟ್ರಾಂಗ್.

ಕಿವಿ ಹಾಳಾಗಲ್ವಾ?

ಆಗುತ್ತದೆ. ಹಾಳಾದ ಮೇಲೆ ರಿಪೇರಿ ಇಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಅಂತ ಒಂದು ಲೆಕ್ಕ ಇದೆ. ಆಮೇಲೆ ಪ್ರತಿ 3 ಡೆಸಿಬಲ್ ಏರಿದರೂ ಸಮಯ ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬಂದರೆ ಉಳಿಯುವುದು ಕಾಲು ಗಂಟೆ. ಡ್ರಮ್ಸ್ ಪಕ್ಕ ನಿಂತರೆ 100 ಸುಲಭವಾಗಿ ದಾಟುತ್ತದೆ. ನನಗೆ ಎಡಕಿವಿಯಲ್ಲಿ ಸಣ್ಣಗೆ ಜೀರುಂಡೆ ಕೂಗಿದ ಹಾಗೆ ಸದ್ದು ಇದೆ, ರಾತ್ರಿ ಮಲಗಿದಾಗ ಗೊತ್ತಾಗುತ್ತದೆ. ಡಾಕ್ಟರ್ ಅಭ್ಯಾಸ ಮಾಡಿಕೊಳ್ಳಿ ಅಂದರು. ಇಯರ್ ಪ್ಲಗ್ ಹಾಕಿಕೊಳ್ಳಿ. ಹತ್ತಿ ತುರುಕಿದರೆ ಸಾಲದು.

ಮನೆಯಲ್ಲಿ ಒಪ್ಪಿದ್ರಾ? ಹೆಣ್ಣು ಕೊಟ್ರಾ?

ಅಪ್ಪ ಒಪ್ಪಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ನಾಲ್ಕು ವರ್ಷ ಯಾರಾದರೂ ಕೇಳಿದರೆ "ಮಗ ಎಲೆಕ್ಟ್ರಾನಿಕ್ಸ್ ಲೈನಲ್ಲಿದ್ದಾನೆ" ಅನ್ನುತ್ತಿದ್ದರು. ಸುಳ್ಳೇನಲ್ಲ. ಒಂದು ಸಲ ತಿಪಟೂರಿನ ಕಾರ್ಯಕ್ರಮಕ್ಕೆ ಹೇಳದೆ ಬಂದು ಹಿಂದೆ ನಿಂತಿದ್ದರು. ಮನೆಗೆ ಬಂದ ಮೇಲೆ ಹೇಳಿದ್ದು ಇಷ್ಟೇ: "ಆ ಬತ್ತೀನಿ ಹಾಡಲ್ಲಿ ಪದ ಕೇಳ್ಸಲ್ಲ, ಡ್ರಮ್ ತಗ್ಸು." ಸರಿಯಾದ ಮಾತು, ತಗ್ಗಿಸಿದೆವು.

ಹೆಣ್ಣು ನೋಡಲು ಹೋದಾಗ ಮೂರು ಕಡೆ ಸರ್ಕಾರಿ ಕೆಲಸ ಕೇಳಿದರು. ನಾಲ್ಕನೆಯವಳು ಇಯರ್ ಪ್ಲಗ್ ಇದೆಯಾ ಅಂತ ಕೇಳಿದಳು. ಮದುವೆ ಆಗಿ ಐದು ವರ್ಷ.

ಪ್ರಾಕ್ಟೀಸ್ ನೋಡೋಕೆ ಬರಬಹುದಾ?

ಬನ್ನಿ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ. ಅಟ್ಟದ ಕೆಳಗೆ ಕೂರುವುದಕ್ಕೆ ಹೆದರಬೇಡಿ, ಇದುವರೆಗೂ ಯಾರ ತಲೆ ಮೇಲೂ ಕಾಯಿ ಬಿದ್ದಿಲ್ಲ. ಬೇಸ್ ಗಿಟಾರ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ 41 ಸಲ ಅಲುಗುತ್ತದೆ. ಅದನ್ನು ಜೋರಾಗಿ ಬಾರಿಸಿದರೆ ಅಟ್ಟದ ಹಲಗೆ ನಡುಗಿ, ಒಣಗಿದ ಕಾಯಿಯೊಳಗಿನ ಕೊಬ್ಬರಿ ಸಣ್ಣಗೆ ಗಡಗಡ ಅನ್ನುತ್ತದೆ. ಹಸಿ ಕಾಯಿ ಸುಮ್ಮನಿರುತ್ತದೆ. ನಾವು ಶುರುವಿನಲ್ಲಿ ಅದನ್ನು ತೊಂದರೆ ಅಂದುಕೊಂಡಿದ್ದೆವು. ಅಜ್ಜಿ ಒಂದು ದಿನ ಏಣಿ ಕೆಳಗೆ ನಿಂತು ಕೇಳಿಸಿಕೊಂಡರು. ಈಗ ಕಾಯಿ ಇಳಿಸುವ ಕಾಲ ಬಂದರೆ ನಮ್ಮ ಬೇಸ್ ಹುಡುಗನಿಗೆ ಫೋನ್ ಮಾಡಿಸುತ್ತಾರೆ. "ಬಂದು ಆ ದಪ್ಪ ತಂತಿ ಒಂದ್ ಕಿತ ಬಾರ್ಸೋಗು ಮಗ, ಯಾವ್ ಮೂಲೇದು ಒಣಗೈತೆ ನೋಡಾನ."